ಹೂಗಿಡ, ಗೆಡ್ಡೆ, ಹುಲ್ಲು ಒಂದೇ ಪೆಟ್ಟಿಗೆಯಲ್ಲಿ: ಸಿದ್ಧ ಬಾರ್ಡರ್ ಸಂಗ್ರಹದ ವಿಮರ್ಶೆ

ತೋಟದ ಅಂಚಿನಲ್ಲೋ ಗೋಡೆಯ ಬುಡದಲ್ಲೋ ಉದ್ದಕ್ಕೆ ಮಾಡುವ ಹೂಪಟ್ಟಿಗೆ, ಅಂದರೆ ಬಾರ್ಡರಿಗೆ, ಬೇಕಾದ ಗಿಡಗಳನ್ನೆಲ್ಲ ತಾವೇ ಆರಿಸಿ ಒಂದೇ ಪೆಟ್ಟಿಗೆಯಲ್ಲಿ ಕಳುಹಿಸಿಕೊಡುವ ನರ್ಸರಿಗಳು ಚಳಿ ಬೀಳುವ ಪ್ರದೇಶಗಳಲ್ಲಿ ಹಲವಿವೆ. ನಾನು ತರಿಸಿದ್ದು ಅಂಥ ಒಂದು ಸಂಗ್ರಹವನ್ನು. ಸುಮಾರು ಆರು ಚದರ ಮೀಟರ್ ಜಾಗಕ್ಕೆಂದು ಲೆಕ್ಕ ಹಾಕಿದ ಆ ಪೆಟ್ಟಿಗೆಯಲ್ಲಿ ಐದು ಬಗೆಯ ಬಹುವಾರ್ಷಿಕ ಹೂಗಿಡಗಳು, ಮೂರು ಬಗೆಯ ಅಲಂಕಾರಿಕ ಹುಲ್ಲುಗಳು, ಮೂರು ಬಗೆಯ ಗೆಡ್ಡೆಗಳು ಮತ್ತು ನೆಡುವ ಕ್ರಮವನ್ನು ತೋರಿಸುವ ಒಂದು ನಕ್ಷೆ ಇದ್ದವು. ಗಿಡಗಳ ಆರೋಗ್ಯದ ವಿಷಯದಲ್ಲಿ ದೂರುವಂಥದ್ದು ಹೆಚ್ಚಿಲ್ಲ. ನನ್ನ ಆಕ್ಷೇಪವಿರುವುದು ಆಯ್ಕೆಯ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಎಲ್ಲವನ್ನೂ ಶರತ್ಕಾಲದ ಒಂದೇ ದಿನ ಮನೆಬಾಗಿಲಿಗೆ ತಂದಿಳಿಸುವ ಪದ್ಧತಿಯ ಬಗ್ಗೆ. ಹೂಗಿಡ, ಗೆಡ್ಡೆ, ಹುಲ್ಲು ಈ ಮೂರಕ್ಕೂ ಬೇರೆ ಬೇರೆ ಪಂಚಾಂಗವಿದೆ. ಪೆಟ್ಟಿಗೆಯವರು ಮೂರಕ್ಕೂ ಒಂದೇ ಮುಹೂರ್ತ ಇಟ್ಟಿದ್ದಾರೆ.

ಪೆಟ್ಟಿಗೆಯ ಮೇಲಿನ ಚಿತ್ರದಲ್ಲೇ ಈ ಗೊಂದಲ ಕಾಣುತ್ತದೆ. ಅದರಲ್ಲಿ ಕೆಂಪು ಟ್ಯುಲಿಪ್ ಮತ್ತು ಹಳದಿ ರುಡ್‌ಬೆಕಿಯಾ ಅಕ್ಕಪಕ್ಕ ಅರಳಿ ನಿಂತಿವೆ, ಅವುಗಳ ಹಿಂದೆ ಮಿಸ್ಕ್ಯಾಂಥಸ್ ಹುಲ್ಲಿನ ಬೆಳ್ಳಿಬಣ್ಣದ ತೆನೆಗಳು ಬಾಗಿವೆ. ಟ್ಯುಲಿಪ್ ವಸಂತದ ಹೂವು. ರುಡ್‌ಬೆಕಿಯಾ ಅರಳುವುದು ಬೇಸಿಗೆಯ ಉತ್ತರಾರ್ಧದಲ್ಲಿ. ಮಿಸ್ಕ್ಯಾಂಥಸ್ ತೆನೆ ಬೆಳ್ಳಿಯಾಗುವ ಹೊತ್ತಿಗೆ ಶರತ್ಕಾಲ ಬಂದಿರುತ್ತದೆ. ಯಾವ ತಿಂಗಳಲ್ಲೂ ಯಾವ ತೋಟದಲ್ಲೂ ಒಟ್ಟಿಗೆ ಕಾಣಲಾಗದ ದೃಶ್ಯವಿದು. ಜಾಹೀರಾತಿನಲ್ಲಿ ಇಷ್ಟು ಸ್ವಾತಂತ್ರ್ಯ ಇರಲಿ ಎಂದು ಬಿಟ್ಟುಬಿಡಬಹುದಿತ್ತು, ಆದರೆ ಕೊಳ್ಳುವವರು ಬಣ್ಣ ಹೊಂದಿಸಿ ನೋಡುವುದು ಆ ಚಿತ್ರವನ್ನು ನಂಬಿ. ಬಾರ್ಡರಿನ ಆಯ್ಕೆಯಲ್ಲಿ ಬಣ್ಣಗಳ ಹೊಂದಾಣಿಕೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯದು: ಒಂದು ಗಿಡ ಹಿಂದೆ ಸರಿದಾಗ ಅದರ ಜಾಗವನ್ನು ಯಾವ ಗಿಡ ತುಂಬುತ್ತದೆ?

ಪ್ರತಿ ಗಿಡದ ಚೀಟಿಯ ಮೇಲೂ ಅದು ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯನ್ನು ತಡೆಯುತ್ತದೆ ಎಂಬ ಒಂದೇ ವಾಕ್ಯ ಅಚ್ಚಾಗಿದೆ. ಚಳಿಯನ್ನು ಅಳೆಯಲು ವ್ಯವಸ್ಥಿತ ಮಾನದಂಡಗಳು ಇವೆ. ಅಮೆರಿಕದ ಕೃಷಿ ಇಲಾಖೆಯ ನಕ್ಷೆಯು ಪ್ರತಿವರ್ಷದ ಅತಿ ಕಡಿಮೆ ತಾಪಮಾನದ ಸರಾಸರಿಯನ್ನು ಆಧರಿಸಿ ಊರುಗಳನ್ನು 13 ವಲಯಗಳಲ್ಲಿ ಇರಿಸುತ್ತದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯು ಊರಿಗೆ ಬದಲಾಗಿ ಗಿಡಕ್ಕೇ ಎಚ್1ಎ ಯಿಂದ ಎಚ್7 ರವರೆಗಿನ ದರ್ಜೆ ಕೊಡುತ್ತದೆ. ಇವೆರಡೂ ಉಪಯುಕ್ತ, ಆದರೆ ಇವೆರಡೂ ಹೇಳುವುದು ಚಳಿಯ ಮಾತನ್ನು ಮಾತ್ರ. ಬೇಸಿಗೆಯ ಬಿಸಿಯನ್ನು ಗಿಡ ತಾಳೀತೇ ಎಂಬುದನ್ನು ಹೇಳಲು ಅಮೆರಿಕನ್ ಹಾರ್ಟಿಕಲ್ಚರಲ್ ಸೊಸೈಟಿ 1997ರಲ್ಲಿ ಬೇರೆಯೇ ನಕ್ಷೆ ಮಾಡಬೇಕಾಯಿತು. ವರ್ಷದಲ್ಲಿ ಎಷ್ಟು ದಿನ ತಾಪಮಾನ 30 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ ಎಂಬುದು ಅದರ ಲೆಕ್ಕ. ಇನ್ನು ಚಳಿಗಾಲದ ತೇವದ ವಿಷಯ ಯಾವ ಚೀಟಿಯಲ್ಲೂ ಇಲ್ಲ, ಬಾರ್ಡರಿನಲ್ಲಿ ಗಿಡಗಳನ್ನು ಬಲಿ ತೆಗೆದುಕೊಳ್ಳುವುದು ಬಹಳ ಸಲ ಅದೇ. ನೀರು ಬಸಿಯುವ ಮರಳುಮಿಶ್ರಿತ ಮಣ್ಣಿನಲ್ಲಿ, ಅದೂ ಹಿಮದ ಹೊದಿಕೆಯ ಕೆಳಗೆ, ನಿಶ್ಚಿಂತೆಯಾಗಿ ಮಲಗುವ ಗಿಡವೇ ನೀರು ನಿಲ್ಲುವ ಜೇಡಿಮಣ್ಣಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಚಳಿಗೆ ಬುಡ ಕೊಳೆತು ಹೋಗುತ್ತದೆ. ಆದ್ದರಿಂದ ಚೀಟಿಯ ಅಂಕಿ ನೋಡುವ ಮೊದಲು ನೆಲದಲ್ಲಿ ಒಂದು ಮೊಳ ಆಳದ ಗುಂಡಿ ತೋಡಿ, ನೀರು ತುಂಬಿಸಿ, ಅದು ಎಷ್ಟು ಹೊತ್ತಿನಲ್ಲಿ ಇಂಗುತ್ತದೆ ಎಂದು ನೋಡುವುದು ಒಳಿತು.

ಹೂಗಿಡಗಳಲ್ಲಿ ಪೆಟ್ಟಿಗೆಯ ನಿಜವಾದ ಆಸ್ತಿ 'ರೋಜಾನ್' ಜೆರೇನಿಯಂ. ಕುಂಡಗಳಲ್ಲಿ ಬೆಳೆಸುವ, ಚಳಿ ತಡೆಯದ ಪೆಲಾರ್ಗೋನಿಯಂ ಗಿಡವನ್ನೂ ಜೆರೇನಿಯಂ ಎಂದೇ ಮಾರುತ್ತಾರೆ, ಇದು ಅದಲ್ಲ. 2013ರಲ್ಲಿ ಚೆಲ್ಸೀ ಪುಷ್ಪಪ್ರದರ್ಶನದ ಶತಮಾನೋತ್ಸವದ ಗಿಡವೆಂದು ಆಯ್ಕೆಯಾದ ಈ ತಳಿ ಬೀಜ ಕಟ್ಟುವುದಿಲ್ಲ, ಹಾಗಾಗಿ ಬೇಸಿಗೆಯ ಆರಂಭದಿಂದ ಮೊದಲ ಇಬ್ಬನಿ ಹೆಪ್ಪುಗಟ್ಟುವವರೆಗೂ ನೀಲಿ ಹೂ ಬಿಡುತ್ತಲೇ ಇರುತ್ತದೆ. ಬೇರಿನಿಂದ ಹಬ್ಬಿ ನೆಲ ಆಕ್ರಮಿಸದೆ, ಉದ್ದನೆಯ ದಂಟುಗಳನ್ನು ಅಕ್ಕಪಕ್ಕದ ಗಿಡಗಳ ನಡುವೆ ಹರಿಯಬಿಟ್ಟು, ಚಳಿಗಾಲಕ್ಕೆ ಮತ್ತೆ ಚಿಕ್ಕ ಬುಡಕ್ಕೆ ಹಿಂದಿರುಗುತ್ತದೆ. ಒಣಗುತ್ತಿರುವ ಗೆಡ್ಡೆಗಳ ಎಲೆಯನ್ನು ಮರೆಮಾಡಲು ಇದಕ್ಕಿಂತ ಅನುಕೂಲದ ಗಿಡ ಕಡಿಮೆ. 'ಕ್ಯಾರಡೋನಾ' ಸಾಲ್ವಿಯಾದ ಆಯ್ಕೆಯೂ ಸಮರ್ಪಕ. ಕಪ್ಪುನೇರಳೆ ದಂಟಿನ ನೆಟ್ಟಗಿನ ಹೂಗೊಂಚಲು ಜೆರೇನಿಯಂನ ಹರಡುವಿಕೆಗೆ ಒಂದು ಬಿಗಿ ಕೊಡುತ್ತದೆ, ಮೊದಲ ಹೂ ಮುಗಿದೊಡನೆ ಕತ್ತರಿಸಿದರೆ ಎರಡನೆಯ ಸುತ್ತೂ ಬರುತ್ತದೆ.

ಆಯ್ಕೆ ಎಡವಿರುವುದು ಇದರ ನಂತರ. 'ಗೋಲ್ಡ್‌ಸ್ಟರ್ಮ್' ರುಡ್‌ಬೆಕಿಯಾ ತೇವ ಆರದ, ಕಸುವುಳ್ಳ ಮಣ್ಣನ್ನು ಬಯಸುತ್ತದೆ. ಒಣಗಿದರೆ ಎಲೆ ಜೋತುಬೀಳುತ್ತದೆ. ಅದರ ಪಕ್ಕದಲ್ಲೇ ನಕ್ಷೆ ತೋರಿಸುವ 'ಹರ್ಬ್ಸ್ಟ್‌ಫ್ರಾಯ್ಡ' ಸೀಡಮ್ ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ. ಅದಕ್ಕೆ ಬಡಮಣ್ಣು ಮತ್ತು ಬಿಸಿಲು ಸಾಕು. ಗೊಬ್ಬರ, ನೀರು ಎರಡೂ ಹೆಚ್ಚಾದರೆ ಸೀಡಮ್ ಸೊಂಪಾಗಿ ಬೆಳೆದು, ಹೂವಿನ ಭಾರಕ್ಕೆ ನಡುವಿನಿಂದ ಸೀಳಿ ನಾಲ್ಕೂ ಕಡೆ ಬೀಳುತ್ತದೆ. ಬೇಸಿಗೆಯ ಆರಂಭದಲ್ಲಿ ದಂಟುಗಳನ್ನು ಅರ್ಧಕ್ಕೆ ಕತ್ತರಿಸಿ ಗಿಡವನ್ನು ಕುಳ್ಳಾಗಿಸಿಕೊಳ್ಳಬಹುದು, ನಿಜ. ಆದರೆ ಎರಡರಲ್ಲಿ ಒಂದನ್ನು ಬೇರೆ ಮಡಿಗೆ ಕಳುಹಿಸುವುದೇ ನೇರವಾದ ಪರಿಹಾರ. ಐದನೆಯದು ಕಿತ್ತಳೆ ಬಣ್ಣದ ಮಿಶ್ರತಳಿ ಎಕಿನೇಷಿಯಾ. ಅಂಗಡಿಯಲ್ಲಿ ಅದಕ್ಕಿಂತ ಸುಂದರವಾದ ಗಿಡವಿಲ್ಲ. ಬಾರ್ಡರಿನಲ್ಲಿ ಒದ್ದೆ ಚಳಿಗಾಲ ಕಳೆದು ಅದು ಮರಳಿ ಬರುವುದು ಅನುಮಾನ. ಗುಲಾಬಿನೇರಳೆ ಬಣ್ಣದ ಮೂಲ ಎಕಿನೇಷಿಯಾ ಪರ್ಪ್ಯೂರಿಯಾವನ್ನೇ ಕೊಟ್ಟಿದ್ದರೆ ಆಯಸ್ಸೂ ಹೆಚ್ಚು, ಹೂವು ಮುಗಿದ ಮೇಲೆ ಹಕ್ಕಿಗಳಿಗೆ ಬೀಜವೂ ಸಿಗುತ್ತಿತ್ತು.

ಹುಲ್ಲುಗಳ ವಿಷಯವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಪೆಟ್ಟಿಗೆ ಕಟ್ಟುವವರು ಅವನ್ನು ಹೂಗಿಡಗಳ ನಡುವಿನ ಖಾಲಿ ಜಾಗ ತುಂಬುವ ಸಾಮಗ್ರಿಯಂತೆ ಕಂಡಿದ್ದಾರೆ. ಹುಲ್ಲುಗಳಲ್ಲಿ ಎರಡು ಪಂಗಡಗಳಿವೆ. ತಂಪು ಹವೆಯಲ್ಲಿ ಬೆಳೆಯುವವು ಚಳಿಗಾಲ ಕಳೆಯುತ್ತಿದ್ದಂತೆ ಚಿಗುರಿ, ಬೇಸಿಗೆಯ ಹೊತ್ತಿಗೆ ತೆನೆ ಹೊರಡಿಸುತ್ತವೆ. ಕ್ಯಾಲಮಗ್ರಾಸ್ಟಿಸ್, ಡಿಶಾಂಪ್ಸಿಯಾ, ಫೆಸ್ಟೂಕಾ ಈ ಪಂಗಡದವು. ಬಿಸಿ ಹವೆಯವು ನೆಲ ಬೆಚ್ಚಗಾಗುವವರೆಗೆ ಕದಲುವುದಿಲ್ಲ. ಮಿಸ್ಕ್ಯಾಂಥಸ್, ಪ್ಯಾನಿಕಂ, ಪೆನ್ನಿಸೀಟಂ ಈ ಕಡೆಯವು. ಮೊದಲನೆಯವನ್ನು ಶರತ್ಕಾಲದ ಆರಂಭದಲ್ಲಿ ನೆಟ್ಟರೂ ಬೇರು ಬಿಡುತ್ತವೆ. ಎರಡನೆಯವನ್ನು ನೆಡಲು, ಬುಡ ಒಡೆದು ಬೇರ್ಪಡಿಸಲು ವಸಂತವೇ ಸರಿ; ಶರತ್ಕಾಲದಲ್ಲಿ ನೆಟ್ಟ ಎಳೆಯ ಸಸಿ ಬೇರಿಲ್ಲದೆ ತಣ್ಣನೆಯ ಕೆಸರಿನಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ಪೆಟ್ಟಿಗೆಯಲ್ಲಿ ಮಿಸ್ಕ್ಯಾಂಥಸ್ ಬಂದಿದ್ದು ಹೆಬ್ಬೆರಳ ಗಾತ್ರದ ಸಸಿಗಳಾಗಿ, ಅದೂ ಶರತ್ಕಾಲದ ಕೊನೆಗೆ. ಅವನ್ನು ಕುಂಡಕ್ಕೆ ಹಾಕಿ, ಮಳೆ ತಾಗದ ತಂಪು ಜಾಗದಲ್ಲಿ ಚಳಿಗಾಲ ಕಳೆಸಿದ್ದರಿಂದ ಉಳಿದವು. ನಕ್ಷೆಯ ಸೂಚನೆ ಮಾತ್ರ 'ಬಂದ ಕೂಡಲೇ ನೆಡಿ' ಎಂಬುದಾಗಿತ್ತು.

ಮೂರು ಹುಲ್ಲುಗಳಲ್ಲಿ ಸಂಶಯವಿಲ್ಲದೆ ಹೊಗಳಬಹುದಾದದ್ದು 'ಕಾರ್ಲ್ ಫರ್ಸ್ಟರ್' ಕ್ಯಾಲಮಗ್ರಾಸ್ಟಿಸ್. ಜರ್ಮನಿಯ ಪಾಟ್ಸ್‌ಡಾಮ್ ಬಳಿಯ ಬೋರ್ನಿಮ್‌ನಲ್ಲಿ ನರ್ಸರಿ ನಡೆಸಿದ, ಬಾರ್ಡರಿಗೆ ಹುಲ್ಲುಗಳನ್ನು ತಂದವರಲ್ಲಿ ಪ್ರಮುಖರಾದ ಕಾರ್ಲ್ ಫರ್ಸ್ಟರ್ (1874–1970) ಅವರ ಹೆಸರು ಇದಕ್ಕಿದೆ; 'ಗೋಲ್ಡ್‌ಸ್ಟರ್ಮ್' ರುಡ್‌ಬೆಕಿಯಾ ತೋಟಗಳಿಗೆ ಬಂದದ್ದೂ ಅವರ ನರ್ಸರಿಯಿಂದಲೇ. ಈ ಹುಲ್ಲು ಎರಡು ಪ್ರಭೇದಗಳ ಸಂಕರವಾದ್ದರಿಂದ ಬೀಜ ಉದುರಿಸಿ ತೋಟ ತುಂಬುವುದಿಲ್ಲ. ಒಂದೂವರೆ ಮೀಟರಿಗೂ ಮೀರಿ ನೆಟ್ಟಗೆ ಬೆಳೆದರೂ ಅಡ್ಡಕ್ಕೆ ಹೆಚ್ಚು ಜಾಗ ಕೇಳುವುದಿಲ್ಲ, ಗಾಳಿಮಳೆಗೆ ಬಾಗಿದರೂ ಮತ್ತೆ ಎದ್ದು ನಿಲ್ಲುತ್ತದೆ, ಒಣಗಿದ ತೆನೆ ಚಳಿಗಾಲದ ಬಹುಭಾಗ ಉಳಿಯುತ್ತದೆ. ಅಮೆರಿಕದ ಪೆರೆನಿಯಲ್ ಪ್ಲಾಂಟ್ ಅಸೋಸಿಯೇಷನ್ 2001ರಲ್ಲಿ ಇದನ್ನು ವರ್ಷದ ಗಿಡವೆಂದು ಆರಿಸಿದ್ದು ಅರ್ಹವಾಗಿಯೇ ಇದೆ. ಇದು ಬೇಗ ಚಿಗುರುವ ಹುಲ್ಲು ಎಂಬುದನ್ನು ಮಾತ್ರ ಮರೆಯಬಾರದು. ಹಳೆಯ ದಂಟನ್ನು ಚಳಿಗಾಲದ ಕೊನೆಯಲ್ಲೇ ಕತ್ತರಿಸದಿದ್ದರೆ ಹಸಿರು ಚಿಗುರಿನ ತುದಿಯೂ ಕತ್ತರಿಗೆ ಸಿಗುತ್ತದೆ.

ಸ್ಟೈಪಾ ಟೆನ್ಯುಯಿಸ್ಸಿಮಾ ಮುಟ್ಟಿದರೆ ಕೂದಲಿನಂತೆ ನವಿರು, ಸಣ್ಣ ಗಾಳಿಗೂ ಅಲೆಯುತ್ತದೆ. ಇದಕ್ಕೆ ಮರುಳಾಗದವರು ವಿರಳ. ಆದರೆ ಅದು ಎಲ್ಲೆಂದರಲ್ಲಿ ಬೀಜ ಚೆಲ್ಲುತ್ತದೆ, ಆಸ್ಟ್ರೇಲಿಯಾದಲ್ಲಿ ಅದನ್ನು ಕಳೆಯೆಂದೇ ಘೋಷಿಸಲಾಗಿದೆ. ಮಿಸ್ಕ್ಯಾಂಥಸ್ ಕೂಡ ಅಮೆರಿಕದ ಪೂರ್ವಭಾಗದಲ್ಲಿ ತೋಟದಿಂದ ಹೊರಬಿದ್ದು ಕಾಡುಗಿಡವಾಗಿ ಹಬ್ಬಿದೆ. ಕೊಳ್ಳುವವರು ತಮ್ಮ ಪ್ರದೇಶದ ಕಳೆಗಳ ಪಟ್ಟಿಯನ್ನು ನೋಡಿಕೊಳ್ಳಬೇಕೆಂಬ ಒಂದು ಸಾಲಾದರೂ ಚೀಟಿಯಲ್ಲಿ ಇರಬೇಕಿತ್ತು. ಮಿಸ್ಕ್ಯಾಂಥಸ್ ಚೀಟಿಯ ಮೇಲೆ ತಳಿಯ ಹೆಸರೇ ಇಲ್ಲ ಎಂಬುದು ಇನ್ನೂ ದೊಡ್ಡ ಕೊರತೆ, ಏಕೆಂದರೆ ಅದರ ತಳಿಗಳಲ್ಲಿ ಸೊಂಟದೆತ್ತರದವೂ ಇವೆ, ಆಳೆತ್ತರ ಮೀರುವವೂ ಇವೆ. ಹಿಂಬದಿಗೆ ಎತ್ತರದ ಹುಲ್ಲೇ ಬೇಕೆನ್ನುವವರು ಉತ್ತರ ಅಮೆರಿಕದ ಬಯಲುಗಳ ಪ್ಯಾನಿಕಂ ವರ್ಗ್ಯಾಟಮ್ ಅನ್ನೂ, ತೇವದ ಅರೆನೆರಳಿದ್ದರೆ ಡಿಶಾಂಪ್ಸಿಯಾವನ್ನೂ ಪರಿಶೀಲಿಸಬಹುದು.

ಗೆಡ್ಡೆಗಳಲ್ಲಿ ಡ್ಯಾಫೊಡಿಲ್, ಟ್ಯುಲಿಪ್, ಆಲಿಯಮ್ ಇವೆ. ಮೂರನ್ನೂ ಗೆಡ್ಡೆಯ ಎತ್ತರದ ಎರಡು ಮೂರು ಪಟ್ಟು ಆಳದಲ್ಲಿ ನೆಡಬೇಕೆಂಬ ಸೂಚನೆ ಸರಿಯಾಗಿದೆ, ಕಾಲದ ಸೂಚನೆ ಸರಿಯಿಲ್ಲ. ಡ್ಯಾಫೊಡಿಲ್ ಬೇರು ಬಿಡಲು ಶರತ್ಕಾಲದ ಆರಂಭವನ್ನೇ ಬಯಸುತ್ತದೆ. ಟ್ಯುಲಿಪ್ ಅನ್ನು ಶರತ್ಕಾಲ ಮುಗಿಯುವ ಹೊತ್ತಿಗೆ, ನೆಲ ಚೆನ್ನಾಗಿ ತಣಿದ ಮೇಲೆ ನೆಟ್ಟರೆ ಎಲೆ ಸುಟ್ಟಂತೆ ಮಾಡುವ ಬೊಟ್ರೈಟಿಸ್ ಶಿಲೀಂಧ್ರದ ಕಾಟ ಕಡಿಮೆ. ಒಟ್ಟಿಗೆ ಬಂದ ಪೆಟ್ಟಿಗೆಯಲ್ಲಿ ಡ್ಯಾಫೊಡಿಲ್ ತಡವಾಗಿತ್ತು. ಬಾಳಿಕೆಯಲ್ಲೂ ಇವೆರಡರ ನಡುವೆ ಬಹಳ ಅಂತರವಿದೆ. ಡ್ಯಾಫೊಡಿಲ್ ಗೆಡ್ಡೆ ವರ್ಷದಿಂದ ವರ್ಷಕ್ಕೆ ಉಳಿದು ದಪ್ಪವಾಗಿ ಮರಿ ಹಾಕುತ್ತದೆ, ಅದರಲ್ಲಿರುವ ಲೈಕೋರಿನ್ ಎಂಬ ವಿಷದಿಂದಾಗಿ ಇಲಿ, ಅಳಿಲುಗಳು ಮುಟ್ಟುವುದಿಲ್ಲ. ಟ್ಯುಲಿಪ್ ಗೆಡ್ಡೆ ಹೂ ಬಿಟ್ಟ ವರ್ಷವೇ ಬರಿದಾಗಿ, ಅದರ ಜಾಗದಲ್ಲಿ ಮರಿಗೆಡ್ಡೆಗಳು ಹುಟ್ಟುತ್ತವೆ. ಬೇಸಿಗೆಯಲ್ಲಿ ಒಣನೆಲದ ಬಿಸಿ ಸಿಗದಿದ್ದರೆ ಅವು ಹೂ ಬಿಡುವಷ್ಟು ದಪ್ಪವಾಗುವುದೇ ಇಲ್ಲ. ರುಡ್‌ಬೆಕಿಯಾಕ್ಕೆಂದು ಬೇಸಿಗೆಯುದ್ದಕ್ಕೂ ನೀರುಣಿಸುವ ಬಾರ್ಡರಿನಲ್ಲಿ ದೊಡ್ಡ ಹೂವಿನ ಟ್ಯುಲಿಪ್ ಮಿಶ್ರಣವನ್ನು ಬಹುವಾರ್ಷಿಕವೆಂದು ಮಾರುವುದನ್ನು ನಾನು ಒಪ್ಪಲಾರೆ. ಡಾರ್ವಿನ್ ಮಿಶ್ರತಳಿಗಳು ಸ್ವಲ್ಪ ಹೆಚ್ಚು ಕಾಲ ನಿಲ್ಲುತ್ತವೆ. ಬಿಸಿಲಿನ ಒಣನೆಲವಿದ್ದರೆ ಟ್ಯುಲಿಪಾ ಕ್ಲೂಸಿಯಾನಾದಂಥ ಕಾಡು ಪ್ರಭೇದಗಳು ನಂಬಿಕೆಗೆ ಅರ್ಹ.

ಆಲಿಯಮ್ 'ಪರ್ಪಲ್ ಸೆನ್ಸೇಷನ್' ಸೇರಿಸಿದ್ದು ಜಾಣತನ. ಹೂವಿನ ನೇರಳೆ ಚೆಂಡು ಅರಳುವಷ್ಟರಲ್ಲೇ ಅದರ ಎಲೆ ಹಳದಿಯಾಗಿ ಸೊರಗುತ್ತದೆ, ಅದೇ ವೇಳೆಗೆ 'ರೋಜಾನ್' ಎಲೆ ಎದ್ದು ಅದನ್ನು ಮುಚ್ಚುತ್ತದೆ. ವಿಚಿತ್ರವೆಂದರೆ ನಕ್ಷೆಯಲ್ಲಿ ಆಲಿಯಮ್ ಇರುವುದು ಮುಂದಿನ ಸಾಲಿನಲ್ಲಿ, ಜೆರೇನಿಯಂ ಇರುವುದು ಅದರ ಹಿಂದೆ. ಒಣಗಿದ ಎಲೆಯೇ ಎದುರಿಗೆ ಕಾಣುವ ವ್ಯವಸ್ಥೆ. ಡ್ಯಾಫೊಡಿಲ್ ಎಲೆಯನ್ನು ಹೂ ಬಾಡಿದ ಮೇಲೆ ಸುಮಾರು ಆರು ವಾರ ಕತ್ತರಿಸಬಾರದು, ಗಂಟು ಹಾಕಿ ಕಟ್ಟಲೂ ಬಾರದು, ಆದ್ದರಿಂದ ಅದನ್ನೂ ತಡವಾಗಿ ಏಳುವ ಗಿಡಗಳ ಹಿಂದೆ ಅಥವಾ ನಡುವೆ ಇಡುವುದು ಸರಿ. ಗೆಡ್ಡೆಗಳ ಎಣಿಕೆಯನ್ನು ದೊಡ್ಡ ಅಕ್ಷರದಲ್ಲಿ ಹಾಕಿ, ಗಾತ್ರವನ್ನು ಹೇಳದೆ ಬಿಟ್ಟಿರುವುದೂ ಸರಿಯಲ್ಲ. ಗೆಡ್ಡೆ ವ್ಯಾಪಾರದಲ್ಲಿ ದರ್ಜೆ ನಿರ್ಧಾರವಾಗುವುದು ಸುತ್ತಳತೆಯ ಸೆಂಟಿಮೀಟರಿನಲ್ಲಿ. ಟ್ಯುಲಿಪ್‌ನಲ್ಲಿ 12 ಮತ್ತು ಅದಕ್ಕೆ ಮೇಲ್ಪಟ್ಟದ್ದು ಉತ್ತಮ ದರ್ಜೆ. ಇಲ್ಲಿ ಬಂದವು ಅದಕ್ಕಿಂತ ಚಿಕ್ಕವು.

ನಕ್ಷೆಯು ಎಲ್ಲ ಗಿಡಗಳಿಗೂ ಒಂದೇ 30 ಸೆಂಟಿಮೀಟರ್ ಅಂತರ ಹೇಳುತ್ತದೆ. ಸಾಲ್ವಿಯಾಕ್ಕೆ ಅದು ಸರಿ, 'ರೋಜಾನ್'ಗೆ ಅದರ ಎರಡು ಪಟ್ಟು ಬೇಕು, ಮಿಸ್ಕ್ಯಾಂಥಸ್‌ಗೆ ಮೂರು ಪಟ್ಟು ಕೊಟ್ಟರೂ ಹೆಚ್ಚಲ್ಲ. ಕಟ್ಟಿದ ರೀತಿ ಅಚ್ಚುಕಟ್ಟಾಗಿತ್ತು, ಹೂಗಿಡಗಳು 9 ಸೆಂಟಿಮೀಟರ್ ಕುಂಡಗಳಲ್ಲಿ ಬೇರು ತುಂಬಿಕೊಂಡು ಬಂದಿದ್ದವು; ಆ ಗಾತ್ರದ ಗಿಡಗಳು ಒಂದೆರಡು ಋತುಗಳಲ್ಲಿ ದೊಡ್ಡ ಕುಂಡದವನ್ನು ಹಿಡಿದುಬಿಡುತ್ತವೆ, ಹಾಗಾಗಿ ದೊಡ್ಡ ಕುಂಡಕ್ಕೆ ಹೆಚ್ಚು ಹಣ ಕೊಡುವ ಅಗತ್ಯ ಕಾಣುವುದಿಲ್ಲ.

ಬಿಸಿಲಿದ್ದು ಮಣ್ಣು ಹದವಾಗಿರುವ ಮಡಿಗೆ ಈ ಸಂಗ್ರಹದಿಂದ ಜೆರೇನಿಯಂ, ಸಾಲ್ವಿಯಾ, ಕ್ಯಾಲಮಗ್ರಾಸ್ಟಿಸ್, ಆಲಿಯಮ್, ಡ್ಯಾಫೊಡಿಲ್ ಐದನ್ನೇ ಬಿಡಿಯಾಗಿ ಹೆಚ್ಚು ಸಂಖ್ಯೆಯಲ್ಲಿ ಕೊಳ್ಳಿ ಎಂಬುದು ನನ್ನ ಶಿಫಾರಸು. ಪೂರ್ತಿ ಪೆಟ್ಟಿಗೆಯನ್ನು ಶಿಫಾರಸು ಮಾಡುವುದಿಲ್ಲ. ಆದರೂ ಕೊಳ್ಳುವವರು ಖಾತರಿಯ ಷರತ್ತನ್ನು ಮೊದಲೇ ಓದಬೇಕು. ಚಳಿಗಾಲದಲ್ಲಿ ಸತ್ತ ಗಿಡಕ್ಕೆ ಬದಲಿ ಗಿಡ ಕೊಡುವುದಾಗಿ ನರ್ಸರಿ ಹೇಳುತ್ತದೆ, ಆದರೆ ಅದನ್ನು ಕೇಳುವ ಗಡುವು ವಸಂತದ ನಡುವಿಗೇ ಮುಗಿಯುತ್ತದೆ. ಮಿಸ್ಕ್ಯಾಂಥಸ್ ಸತ್ತಿದೆಯೋ ಇನ್ನೂ ಮಲಗಿದೆಯೋ ಎಂದು ಆ ಹೊತ್ತಿಗೆ ಯಾರೂ ಹೇಳಲಾರರು. ಕೇಳಿದಾಗ ಹುಲ್ಲುಗಳ ಮಟ್ಟಿಗೆ ಬೇಸಿಗೆಯ ಆರಂಭದವರೆಗೆ ಗಡುವು ಮುಂದೂಡಲು ಅವರು ತಕರಾರಿಲ್ಲದೆ ಒಪ್ಪಿದರು. ಹಣ ಕಟ್ಟುವ ಮುನ್ನವೇ ಈ ಮಾತನ್ನು ಬರಹದಲ್ಲಿ ಪಡೆದುಕೊಳ್ಳಿ.