ಇ-ಇಂಕ್ ಪರದೆಯೋ, ಟ್ಯಾಬ್ಲೆಟ್ ಪರದೆಯೋ?

ಕಬ್ಬನ್ ಪಾರ್ಕಿನ ಮಧ್ಯಾಹ್ನದ ಬಿಸಿಲಲ್ಲಿ ಕೂತು ಓದುವುದಾದರೆ ಕಿಂಡಲ್‌ನಂಥ ಇ-ಪುಸ್ತಕ ಓದುವ ಸಾಧನಗಳ ಇ-ಇಂಕ್ ಪರದೆಯೇ ಸರಿ. ಟ್ಯಾಬ್ಲೆಟ್ಟಿನ ಎಲ್‌ಸಿಡಿ ಪರದೆಯಲ್ಲಿ ಬೆಳಕು ಹಿಂದಿನಿಂದ ಬರುತ್ತದೆ. ಬಿಸಿಲನ್ನು ಮೀರಿಸಲು ಬ್ರೈಟ್‌ನೆಸ್ ಏರಿಸಿದಷ್ಟೂ ಬ್ಯಾಟರಿ ಕರಗುತ್ತದೆ. ಇ-ಇಂಕ್‌ನಲ್ಲಿ ಕಪ್ಪು-ಬಿಳಿ ಕಣಗಳು ಮೇಲೆ ಕೆಳಗೆ ಸರಿದು ಅಕ್ಷರ ಮೂಡುತ್ತದೆ, ಹೊರಗಿನ ಬೆಳಕೇ ಸಾಕು. ಪುಟ ಬದಲಾಗುವಾಗ ಮಾತ್ರ ಪರದೆಗೆ ಕರೆಂಟು ಬೇಕು. ರಾತ್ರಿಗೆ ಹೆಚ್ಚಿನವುಗಳಲ್ಲಿ ಅಂಚಿನ ಎಲ್‌ಇಡಿಗಳಿವೆ.

ಕನ್ನಡ ಓದುವವರು ಮೊದಲು ನೋಡಬೇಕಾದ್ದು ಇಂಚಿಗೆ ಎಷ್ಟು ಪಿಕ್ಸೆಲ್ ಎಂಬುದನ್ನು. 167 ಇದ್ದರೆ ಸಣ್ಣ ಅಕ್ಷರದ ಒತ್ತುಗಳು ಮಸುಕಾಗುತ್ತವೆ. 300 ಬೇಕೇ ಬೇಕು. ಬಣ್ಣದ ಇ-ಇಂಕ್ ಆದ ಕಲೈಡೊ 3 ಪರದೆಯಲ್ಲಿ ಕಪ್ಪು-ಬಿಳುಪಿಗೆ 300 ಇದ್ದರೂ ಬಣ್ಣಕ್ಕೆ 150 ಮಾತ್ರ, ಮೇಲಿನ ಬಣ್ಣದ ಫಿಲ್ಟರ್‌ನಿಂದಾಗಿ ಹಿನ್ನೆಲೆಯೂ ತುಸು ಮಂಕು. ಬರೀ ಕಾದಂಬರಿ ಓದುವವರಿಗೆ ಅದು ಬೇಡ.

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳ ಪಿಡಿಎಫ್‌ಗೆ 6 ಇಂಚಿನ ಇ-ಇಂಕ್ ಪರದೆ ಸಾಲದು. ಅಂಚು ಕತ್ತರಿಸಿ, ಅಡ್ಡ ತಿರುಗಿಸಿ ಓದಬಹುದು. ಆದರೆ ಹಿಗ್ಗಿಸಿ ಸರಿಸುವಾಗ ಪರದೆ ತಡವರಿಸುತ್ತದೆ. ಅದಕ್ಕೆ 10 ಇಂಚಿನ ಟ್ಯಾಬ್ಲೆಟ್ಟೇ ವಾಸಿ.

ಇ-ಇಂಕ್‌ನಲ್ಲಿ ಹಿಂದಿನ ಪುಟದ ನೆರಳು ಉಳಿದರೆ ಪ್ರತಿ ಪುಟಕ್ಕೂ ಪೂರ್ತಿ ರಿಫ್ರೆಶ್ (ಪರದೆಯನ್ನು ಪೂರ್ತಿ ಅಳಿಸಿ ಮತ್ತೆ ಮೂಡಿಸುವುದು) ಆನ್ ಮಾಡಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ತೆರೆದು ಗೆರೆಗಳಿಗಾಗಿ ಹುಡುಕಿ: ಒಳಗಿನ ತೆಳು ಗಾಜು ಬ್ಯಾಗಿನ ಒತ್ತಡಕ್ಕೂ ಬಿರುಕು ಬಿಡಬಹುದು, ಮುಟ್ಟಿದರೆ ಗೊತ್ತಾಗುವುದಿಲ್ಲ. ಮೆಟ್ರೋ ರಶ್ಶಿನಲ್ಲಿ ಒಯ್ಯುವವರು ಗಟ್ಟಿ ಕವರ್ ಹಾಕಿಸಿಕೊಳ್ಳಿ.