ಮಾರೋರಿಗೆ ಒಂದು ಮಾತು, ಕೊಳ್ಳೋರಿಗೆ ಇನ್ನೊಂದು: ದಾವಣಗೆರೆಯ ಬ್ರೋಕರ್ ಒಬ್ಬರಿಗೆ ನನ್ನ ಎರಡೂವರೆ ಸ್ಟಾರ್

ಹೆಸರು ಹಾಕಲ್ಲ, ನಂಬರೂ ಕೊಡಲ್ಲ, ದಯವಿಟ್ಟು ಕೇಳಬೇಡಿ. ಊರಲ್ಲಿ ದಿನಾ ಎದುರು ಸಿಗುವ ಮನುಷ್ಯ. ಆದರೆ ಕಳೆದ ದಸರಾದಿಂದ ಈಚೆಗೆ ಒಬ್ಬರೇ ಬ್ರೋಕರ್ ಕೈಯಲ್ಲಿ ಅಪ್ಪನ ಹಳೇ ಮನೆ ಮಾರಿಸಿದ್ದೇನೆ, ಅವರ ಕೈಯಲ್ಲೇ ಒಂದು ಸೈಟನ್ನೂ ಕೊಂಡಿದ್ದೇನೆ. ಒಂದೇ ಮನುಷ್ಯನ ಮುಂದೆ ಮಾರುವವಳಾಗಿಯೂ ಕೂತೆ, ಕೊಳ್ಳುವವಳಾಗಿಯೂ ಕೂತೆ. ಈ ಭಾಗ್ಯ ಎಲ್ಲರಿಗೂ ಸಿಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮನೆ ವಿನೋಬನಗರದ್ದು. 30-40 ಸೈಟು, ಅಪ್ಪ ಕಾಟನ್ ಮಿಲ್ಲಿನ ಕೆಲಸದಲ್ಲಿದ್ದಾಗ 1986ರಲ್ಲಿ ಕಟ್ಟಿಸಿದ್ದು. ಮಿಲ್ಲೂ ಹೋಯಿತು, ಅಪ್ಪ ಅಮ್ಮನೂ ಹೋದರು. ಅಣ್ಣ ಬೆಂಗಳೂರಿನಲ್ಲಿ, ನಾನು ನಿಟ್ಟುವಳ್ಳಿಯಲ್ಲಿ ಬಾಡಿಗೆಗೆ. ಮಾರಿ ಅರ್ಧ ಅರ್ಧ ಹಂಚಿಕೊಳ್ಳೋಣ ಅಂತ ಮಾತಾಯಿತು. ಬ್ರೋಕರಿಗೆ ಆಫೀಸು ಅಂತ ಒಂದಿದೆ, ಬೋರ್ಡೂ ಇದೆ. ಆದರೆ ಕೆಲಸ ನಡೆಯುವುದೆಲ್ಲ ಗುಂಡಿ ಸರ್ಕಲ್ ಹತ್ತಿರದ ಟೀ ಅಂಗಡಿಯ ಬೆಂಚಿನ ಮೇಲೆ.

ಮೊದಲ ದಿನ ನಾವು ಮಾರುವವರು. "ಮಾರ್ಕೆಟ್ ಮಲ್ಕಂಡ್ಬಿಟ್ಟೈತಿ ಅಕ್ಕಾರೆ. ಅಡಿಕೆ ರೊಕ್ಕ ಈ ವರ್ಷ ಸೈಟಿನ ಕಡೆ ಬರ್ತಾನೇ ಇಲ್ಲ. ಐವತ್ತೆಂಟು ಲಕ್ಷಕ್ಕೆ ಒಬ್ರು ರೆಡಿ ಅದಾರೆ, ಕೊಟ್ಬಿಡ್ರಿ. ಆಮೇಲೆ ಐವತ್ತಕ್ಕೂ ಕೇಳೋರು ಇರಲ್ಲ." ನನಗೆ ಎದೆ ಧಸಕ್ ಅಂತು. ಅಣ್ಣ ಫೋನಲ್ಲಿ ಬೈದ, ಸುಮ್ನೆ ಹೆದರಿಸುತ್ತಿದ್ದಾರೆ ಕಣೇ, ತಡಿ ಅಂದ.

ಎರಡು ದಿನ ಬಿಟ್ಟು ಅದೇ ಬೆಂಚು, ಅದೇ ಟೀ. ಮನೆ ಹೋದರೆ ನನಗೊಂದು ಸೈಟು ಬೇಕಲ್ಲ, ಅದನ್ನು ಕೇಳೋಣ ಅಂತ ಹೋದೆ. "ಬೆಂಕಿ ಅಕ್ಕಾರೆ, ಬೆಂಕಿ! ಚನ್ನಗಿರಿ ಕಡೆಯೋರು ಅಡಿಕೆ ರೊಕ್ಕ ಹಿಡ್ಕಂಡು ಕ್ಯೂ ನಿಂತಾರೆ. ಇವತ್ತು ಅಡಿಗೆ ಎರಡೂವರೆ ಸಾವಿರ ಇದ್ದಿದ್ದು ಯುಗಾದಿಗೆ ಮೂರೂವರೆ. ರೈಲ್ವೆ ಲೈನ್ ಬರ್ತೈತಿ, ಏರ್‌ಪೋರ್ಟ್ ಬರ್ತೈತಂತೆ. ಇವತ್ತೇ ಟೋಕನ್ ಹಾಕ್ರಿ."

ಅದೇ ಅಡಿಕೆ! ಮಂಗಳವಾರ ಸೈಟಿನ ಕಡೆ ಬರದ ಅಡಿಕೆ ರೊಕ್ಕ ಗುರುವಾರಕ್ಕೆ ಕ್ಯೂ ನಿಂತಿತ್ತು. ನಾನು ನಕ್ಕುಬಿಟ್ಟೆ, ಅವರಿಗೆ ಯಾಕೆ ಅಂತ ಗೊತ್ತಾಗಲಿಲ್ಲ. ಪಾಪ, ದಿನಕ್ಕೆ ಮೂವತ್ತು ಜನರ ಜತೆ ಮಾತಾಡುವವರು, ಯಾರಿಗೆ ಯಾವ ಮಾರ್ಕೆಟ್ ಹೇಳಿದ್ದೆ ಅಂತ ಎಲ್ಲಿ ನೆನಪಿರುತ್ತೆ.

ಮೋಸ ಅಂತ ನಾನು ಹೇಳುವುದಿಲ್ಲ. ವ್ಯವಹಾರ ಮುಗಿದರೆ ಮಾತ್ರ ಅವರಿಗೆ ದುಡ್ಡು. ಐವತ್ತೆಂಟಕ್ಕೆ ಮುಗಿದರೆ ಒಂದು ಪರ್ಸೆಂಟ್ ಲೆಕ್ಕದಲ್ಲಿ 58,000, ಅರವತ್ತಾರಕ್ಕೆ ಮುಗಿದರೆ 66,000. ನಮಗೆ ಎಂಟು ಲಕ್ಷದ ವ್ಯತ್ಯಾಸ, ಅವರಿಗೆ ಎಂಟು ಸಾವಿರದ್ದು. ಆ ಎಂಟು ಸಾವಿರಕ್ಕೆ ಅವರು ಮೂರು ತಿಂಗಳು ಯಾಕೆ ಕಾಯುತ್ತಾರೆ ಹೇಳಿ?

ಅವರ ಪುಸ್ತಕದ ಬಗ್ಗೆ ಹೇಳಲೇಬೇಕು. ಕಿರಾಣಿ ಅಂಗಡಿಯ ಉದ್ದ ಲೆಕ್ಕದ ಪುಸ್ತಕ. ಮಾರುವವರು ಕೆಂಪು ಪೆನ್ನಿನಲ್ಲಿ, ಕೊಳ್ಳುವವರು ನೀಲಿಯಲ್ಲಿ. ಒಂದು ದಿನ ಅವರು ಫೋನಿಗೆ ಅಂತ ಎದ್ದು ಆಚೆ ಹೋದಾಗ ಪುಸ್ತಕ ಬೆಂಚಿನ ಮೇಲೇ ತೆರೆದಿತ್ತು. ನೋಡಬಾರದಿತ್ತು, ನೋಡಿದೆ. ಕೆಂಪಕ್ಷರದಲ್ಲಿ ನಮ್ಮ ಮನೆ: "ವಿ.ನಗರ 30×40, ಹಳೇದು, ಅಣ್ಣ ತಂಗಿ ಪಾಲು, ಅರ್ಜೆಂಟ್." ಅರ್ಜೆಂಟ್ ಅನ್ನುವುದಕ್ಕೆ ಕೆಳಗೆ ಎರಡು ಗೆರೆ ಬೇರೆ. ನಾವು ಒಂದು ಸಲವೂ ಅರ್ಜೆಂಟ್ ಅಂದಿರಲಿಲ್ಲ! ಬಂದ ಗಿರಾಕಿಗಳೆಲ್ಲ ಮೊದಲ ಮಾತಿಗೇ ಐವತ್ತೈದು, ಐವತ್ತಾರು ಅಂತ ಕೇಳುತ್ತಿದ್ದದ್ದು ಯಾಕೆ ಅಂತ ಆವತ್ತು ಅರ್ಥ ಆಯಿತು. ವಾಪಸ್ ಬಂದ ಮೇಲೆ ನೇರವಾಗಿಯೇ ಕೇಳಿದೆ. "ಹಂಗ್ ಬರೆದ್ರೇನೇ ಜನ ಬರೋದು ಅಕ್ಕಾರೆ" ಅಂದರು. ಆ ಪದವನ್ನು ನನ್ನೆದುರೇ ಹೊಡೆದು ಹಾಕಿಸಿದೆ. ಆಮೇಲೆ ಬಂದವರು ಅರವತ್ತೊಂದರಿಂದ ಶುರು ಮಾಡಿದರು. ಇದೊಂದನ್ನು ಬೇಕಾದರೆ ನೆನಪಿಟ್ಟುಕೊಳ್ಳಿ: ನಿಮ್ಮ ಮನೆಯನ್ನು ಅವರು ಬೇರೆಯವರ ಮುಂದೆ ಹೇಗೆ ಹೇಳುತ್ತಿದ್ದಾರೆ ಅಂತ ಕೇಳಿ ತಿಳಿದುಕೊಳ್ಳಿ.

ಒಬ್ಬರು 68ಕ್ಕೆ ಬಂದರು, ಆದರೆ ಇಪ್ಪತ್ತು ಲಕ್ಷ ಕ್ಯಾಶು ಅಂದರು. ಬ್ರೋಕರಿಗೆ ಖುಷಿಯೋ ಖುಷಿ. ಅಣ್ಣನ ಪರಿಚಯದ ಆಡಿಟರ್ ಬೇಡವೇ ಬೇಡ ಅಂದರು. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಳ್ಳುವ ಹಾಗಿಲ್ಲ, ತಗೊಂಡವರಿಗೇ ಅಷ್ಟೇ ಮೊತ್ತದ ದಂಡ ಬೀಳಬಹುದು. ಬಿಟ್ಟೆವು. ಕೊನೆಗೆ ಬಂದವರು ಪಕ್ಕದ ರಸ್ತೆಯವರೇ. ಅಡಿಗೆ 5,500, ಒಟ್ಟು 66 ಲಕ್ಷ, ಪೂರ್ತಿ ಬ್ಯಾಂಕಿನಲ್ಲಿ. ಮನೆಗೆ ಒಂದು ರೂಪಾಯಿ ಬೆಲೆ ಕಟ್ಟಲಿಲ್ಲ, ಬರೀ ಸೈಟಿನ ರೇಟು. ಅಪ್ಪ ಹಾಕಿಸಿದ್ದ ರೆಡ್ ಆಕ್ಸೈಡ್ ನೆಲವನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ, ನೋಡಿದ್ದು ಕಾಂಪೌಂಡಿನಿಂದ ಕಾಂಪೌಂಡಿಗೆ ಎಷ್ಟು ಅಡಿ ಅಂತ. ಊರೊಳಗೆ ಹಳೇ ಮನೆ ಮಾರುವವರು ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ.

ಇಷ್ಟರಲ್ಲಿ ಇ-ಖಾತೆ ಕೆಲಸ, ಅಂದರೆ ಪಾಲಿಕೆಯ ಆಸ್ತಿ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವುದು. ಈಗ ಇ-ಖಾತೆ ಇಲ್ಲದೆ ರಿಜಿಸ್ಟ್ರೇಷನ್ ಇಲ್ಲ, 2024ರ ಅಕ್ಟೋಬರಿನಿಂದ. ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇತ್ತು. "ನಾನು ಮಾಡಿಸ್ತೀನಿ ಬಿಡ್ರಿ" ಅಂದವರು ಐದು ವಾರ ಎಳೆದರು, ಆಮೇಲೆ ನಾನೇ ಎರಡು ದಿನ ರಜೆ ಹಾಕಿ ಪಾಲಿಕೆಗೆ ಓಡಾಡಿದೆ. ಮಾರುವ ಯೋಚನೆ ಇದ್ದವರು ಗಿರಾಕಿ ಹುಡುಕುವ ಮೊದಲೇ ಇದನ್ನು ಮುಗಿಸಿಕೊಳ್ಳಿ.

ದುಡ್ಡು ಬಂದ ದಿನ ಇನ್ನೊಂದು ರಾಮಾಯಣ. ಕೊಂಡವರು 66,000 ಹಿಡಿದುಕೊಂಡು ಉಳಿದದ್ದು ಹಾಕಿದರು. ಅಣ್ಣ ಫೋನಲ್ಲಿ ಕೂಗಾಡಿಬಿಟ್ಟ. ಆಮೇಲೆ ಗೊತ್ತಾಯಿತು, 50 ಲಕ್ಷ ಅಥವಾ ಮೇಲ್ಪಟ್ಟ ಆಸ್ತಿಗೆ ಕೊಳ್ಳುವವರು ಒಂದು ಪರ್ಸೆಂಟ್ ಟಿಡಿಎಸ್, ಅಂದರೆ ಮುಂಗಡವಾಗಿ ಮುರಿಯುವ ಆದಾಯ ತೆರಿಗೆ, ಹಿಡಿದು ನಮ್ಮ ಪ್ಯಾನ್ ಹೆಸರಲ್ಲಿ ಕಟ್ಟಲೇಬೇಕು, ರಿಟರ್ನ್ ಹಾಕುವಾಗ ಅದು ನಮ್ಮ ಲೆಕ್ಕಕ್ಕೆ ಬರುತ್ತದೆ. ಇಪ್ಪತ್ತು ವರ್ಷದ ಸರ್ವಿಸ್ ಇರುವ ಬ್ರೋಕರ್ ಇದನ್ನು ಮೊದಲೇ ಒಂದು ಮಾತು ಹೇಳಬಹುದಿತ್ತು ಅಲ್ವಾ?

ಈಗ ಕೊಳ್ಳುವ ಕಡೆ. ಇಲ್ಲಿ ಅವರನ್ನು ಹೊಗಳಲೇಬೇಕು. ಹತ್ತು ಹನ್ನೊಂದು ಸೈಟು ತೋರಿಸಿದರು, ಶಾಮನೂರು ಕಡೆ, ಹದಡಿ ರಸ್ತೆ ಕಡೆ, ಬಾತಿ ಕಡೆ, ಎಲ್ಲ ಬೈಕಿನಲ್ಲಿ ಮುಂದೆ ಮುಂದೆ ಹೋಗಿ, ನಾನು ಸ್ಕೂಟಿಯಲ್ಲಿ ಹಿಂದೆ. ಒಂದು ದಿನವೂ ಬೇಸರ ಮಾಡಲಿಲ್ಲ. ಯಾವ ಓಣಿಯಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತೆ, ಎಲ್ಲಿ ಬೋರ್ ಫೇಲಾಗಿದೆ, ಯಾರ ಮನೆಯಲ್ಲಿ ಪಾಲಿನ ಜಗಳ ಇದೆ, ಎಲ್ಲ ನಾಲಿಗೆ ತುದಿಯಲ್ಲಿ. ಬಾತಿ ಕಡೆ ಒಂದು ಸೈಟು ನನಗೆ ತುಂಬಾ ಇಷ್ಟ ಆಗಿತ್ತು, ರೇಟೂ ಕಡಿಮೆ. ಕನ್ವರ್ಷನ್ ಆಗಿದೆ ಅಂದರು. ದೂಡಾ (ಇಲ್ಲಿನ ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ಲೇಔಟ್ ನಕ್ಷೆ ಕೇಳಿದೆ, "ಪ್ರೋಸೆಸ್‌ನಲ್ಲೈತಿ" ಅಂತ ಬಂತು ಉತ್ತರ. ರೇರಾ (ಲೇಔಟು, ಅಪಾರ್ಟ್‌ಮೆಂಟುಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ) ನಂಬರ್ ಕೇಳಿದೆ, ಮಾತು ಬದಲಾಯಿತು. 500 ಚದರ ಮೀಟರ್ ದಾಟಿದ ಲೇಔಟು ರೇರಾ ನೋಂದಣಿ ಇಲ್ಲದೆ ಸೈಟು ಮಾರುವ ಹಾಗಿಲ್ಲ. ಅಲ್ಲಿಗೆ ಆ ಸೈಟಿಗೆ ಕೈ ಮುಗಿದೆ. ಕನ್ವರ್ಷನ್ ಆದ ಮಾತ್ರಕ್ಕೆ ಸೈಟು ಆಗಲ್ಲ, ಹೊಲ ಹೊಲದ ಪಟ್ಟಿಯಿಂದ ಆಚೆ ಬಂದಿರುತ್ತೆ ಅಷ್ಟೇ.

ಕೊನೆಗೆ ಹದಡಿ ರಸ್ತೆ ಕಡೆ ಒಂದು 30-40 ಒಪ್ಪಿಗೆ ಆಯಿತು. ಪಶ್ಚಿಮಕ್ಕೆ ಮುಖ. ಎದುರು ಸಾಲಿನ ಪೂರ್ವದ ಸೈಟಿಗೆ ಅಡಿಗೆ ಇನ್ನೂರು ರೂಪಾಯಿ ಜಾಸ್ತಿ ಹೇಳುತ್ತಿದ್ದರು. 1,200 ಅಡಿಗೆ 2,40,000 ಆಯಿತು, ಅಷ್ಟು ಕೊಟ್ಟು ಬೆಳಗಿನ ಬಿಸಿಲು ಕೊಳ್ಳುವ ಶಕ್ತಿ ನನಗಿಲ್ಲ. ಬ್ರೋಕರ್ ಜೇಬಿನಿಂದ ಟೇಪ್ ತೆಗೆದರು, ಒಂದು ತುದಿ ನನ್ನ ಕೈಗೆ ಕೊಟ್ಟು ತಾವೇ ಅಳೆದರು. ಹಿಂದಿನ ಕಡೆ ಪಕ್ಕದವರ ಕಾಂಪೌಂಡು ಒಂದೂವರೆ ಅಡಿ ಒಳಗೆ ಬಂದಿತ್ತು. ನನಗೆ ಹೇಳದೆ ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಮಾರುವವರನ್ನು ಅಲ್ಲೇ ಫೋನ್ ಮಾಡಿ ಕರೆಸಿ, ಪಕ್ಕದವರ ಹತ್ತಿರ ಮಾತಾಡಿ, ಹದಿನೈದು ದಿನದಲ್ಲಿ ಕಾಂಪೌಂಡು ಸರಿಸಿದ ಮೇಲೆಯೇ ಅಗ್ರಿಮೆಂಟ್ ಮಾಡಿಸಿದರು. ಆ ಒಂದು ಮಧ್ಯಾಹ್ನಕ್ಕೆ ಅರ್ಧ ಸ್ಟಾರ್ ಜಾಸ್ತಿ ಕೊಟ್ಟಿದ್ದೇನೆ.

ಅಡಿಗೆ 2,400, ಒಟ್ಟು 28,80,000. ರಿಜಿಸ್ಟ್ರೇಷನ್ ಖರ್ಚು ಎಷ್ಟು ಅಂದರೆ ಸಿಗರೇಟ್ ಪ್ಯಾಕಿನ ಹಿಂದೆ ಲೆಕ್ಕ ಹಾಕಿಕೊಟ್ಟರು: 1,90,080. ಸರ್ಕಾರದ ನೋಂದಣಿ ವೆಬ್‌ಸೈಟ್ ಕಾವೇರಿ ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟುವ ಹಂತಕ್ಕೆ ಬಂದಾಗ ಚಿಲ್ಲರೆ ಬಿಟ್ಟು 2,18,880 ತೋರಿಸಿತು. ಅವರು ಹಳೇ ಲೆಕ್ಕದಲ್ಲೇ ಇದ್ದರು. ಮುದ್ರಾಂಕ ಶುಲ್ಕ ಸೆಸ್ಸು ಸರ್ಚಾರ್ಜು ಸೇರಿ 5.6 ಪರ್ಸೆಂಟ್, ಅದು ಸರಿ. ಆದರೆ ನೋಂದಣಿ ಶುಲ್ಕ ಒಂದು ಪರ್ಸೆಂಟ್ ಇದ್ದದ್ದು 2025ರ ಆಗಸ್ಟ್ 31ರಿಂದ ಎರಡಾಗಿದೆ. ಕಮ್ಮಿ ಬಿದ್ದ 28,800ಕ್ಕೆ ರಾತ್ರೋರಾತ್ರಿ ಅಣ್ಣನ ಹತ್ತಿರ ಕೈ ಒಡ್ಡಿದೆ. ಇನ್ನೊಂದು ಮಜಾ ನೋಡಿ, ಸೈಟಿಗೆ ಇವರ ಕಮಿಷನ್ನೂ ಸರಿಯಾಗಿ 28,800. ಸರ್ಕಾರ ಒಂದು ಪರ್ಸೆಂಟ್ ಏರಿಸಿತು, ಅದನ್ನು ಹೇಳದ ಇವರಿಗೂ ಒಂದು ಪರ್ಸೆಂಟ್.

ತೆರಿಗೆ ವಿಷಯದಲ್ಲಂತೂ ಇವರ ಮಾತು ಕೇಳಲೇಬೇಡಿ. "ಮನೆ ಮಾರಿದ ರೊಕ್ಕ ಸೈಟಿಗೆ ಹಾಕಿದ್ರೆ ಟ್ಯಾಕ್ಸೇ ಇಲ್ಲ" ಅಂದಿದ್ದರು. ಆಡಿಟರ್ ಹೇಳಿದ್ದು ಬೇರೆ. ಬರೀ ಸೈಟು ಕೊಂಡರೆ ಸಾಲದು, ಮಾರಿದ ದಿನದಿಂದ ಮೂರು ವರ್ಷದೊಳಗೆ ಅದರ ಮೇಲೆ ಮನೆ ಎದ್ದಿರಬೇಕು. ರಿಟರ್ನ್ ಹಾಕುವ ಗಡುವಿನೊಳಗೆ ಖರ್ಚಾಗದ ಲಾಭದ ದುಡ್ಡನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಬೇಕು. ಅಂದರೆ ನನಗೆ ಈಗ ಮನೆ ಕಟ್ಟುವುದು ಆಸೆಯ ಮಾತಲ್ಲ, ಗಡುವಿನ ಮಾತು.

ಹಾಗಾದರೆ ದಾವಣಗೆರೆ ಮಾರ್ಕೆಟ್ ನಿಜಕ್ಕೂ ಹೇಗಿದೆ? ನಾಲ್ಕೈದು ತಿಂಗಳು ಸುತ್ತಿದ್ದರಲ್ಲಿ ನನಗೆ ಕಂಡದ್ದು ಹೇಳುತ್ತೇನೆ, ಬೇಕಾದರೆ ಒಪ್ಪಿ. ಇವರ ಎರಡು ಭವಿಷ್ಯವೂ ಅರ್ಧರ್ಧ ನಿಜ, ಆದರೆ ಜಾಗ ಅದಲು ಬದಲು. ಊರೊಳಗೆ, ವಿನೋಬನಗರ, ಪಿ.ಜೆ. ಬಡಾವಣೆ, ಎಂ.ಸಿ.ಸಿ. ಬ್ಲಾಕುಗಳಲ್ಲಿ ಮಾರಾಟಕ್ಕೆ ಬರುವುದೇ ಕಮ್ಮಿ, ಬಂದರೆ ಕೆಡವಿ ಕಟ್ಟುವವರು ಕಾಯುತ್ತಿರುತ್ತಾರೆ. ಕಾಲೇಜು ಆಸ್ಪತ್ರೆ ಹತ್ತಿರ ಇದ್ದರೆ ಮೇಲೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಡಬಹುದು ಅನ್ನುವ ಲೆಕ್ಕ. ಅಂಥಾ ಕಡೆ ಮಾರುವವರು ಹೆದರಬೇಕಿಲ್ಲ. ಊರಾಚೆ ಮಾತ್ರ ಉಲ್ಟಾ. ಬಣ್ಣಬಣ್ಣದ ಕಮಾನು, ಒಳಗೆ ಹೋದರೆ ನಂಬರ್ ಬರೆದ ಕಲ್ಲು, ಕಲ್ಲಿನ ಸುತ್ತ ಪಾರ್ಥೇನಿಯಂ, ಅದರ ನಡುವೆ ಆಡು ಮೇಯುತ್ತಿರುತ್ತವೆ. ಎಲ್ಲಾ ಸೈಟೂ ಸೋಲ್ಡ್ ಔಟ್ ಅಂತಾರೆ, ಆದರೆ ಒಂದು ಮನೆಯೂ ಎದ್ದಿಲ್ಲ. ಅಂಥಾ ಲೇಔಟಿನಲ್ಲಿ ಹೇಳುವ ರೇಟಿಗೂ ಕೊಡುವ ರೇಟಿಗೂ ಅಡಿಗೆ ಮುನ್ನೂರು ನಾನೂರು ವ್ಯತ್ಯಾಸ ನಾನೇ ನೋಡಿದ್ದೇನೆ. ಕೊಳ್ಳುವವರು ಅಲ್ಲಿ ಆರಾಮಾಗಿ ಟೀ ಕುಡಿಯುತ್ತಾ ಚೌಕಾಸಿ ಮಾಡಬಹುದು.

ತುಮಕೂರು–ದಾವಣಗೆರೆ ರೈಲು ಮಾರ್ಗದ ಹೆಸರಲ್ಲಿ ಸೈಟು ಮಾರುವುದು ನಾನು ಕಾಲೇಜಿಗೆ ಹೋಗುವಾಗಿನಿಂದ ಕೇಳುತ್ತಿದ್ದೇನೆ. ಚಿತ್ರದುರ್ಗದ ಮೇಲೆ ನೇರ ಲೈನು, ಕೆಲಸ ನಡೀತಿದೆ, ಆದರೆ ರೈಲು ಬಂದ ಮೇಲೆ ಬರುವ ರೇಟನ್ನು ನಾವು ಇವತ್ತೇ ಯಾಕೆ ಕೊಡಬೇಕು?

ಸಾಲದ ಮಟ್ಟಿಗೆ ಕಾಲ ಸ್ವಲ್ಪ ಒಳ್ಳೇದಿತ್ತು. ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೋ ದರ 2025ರ ಶುರುವಿನಲ್ಲಿ 6.5 ಇದ್ದದ್ದು ಡಿಸೆಂಬರಿಗೆ 5.25ಕ್ಕೆ ಇಳಿಯಿತು. ನನ್ನ ಕಟ್ಟಡಕ್ಕೆ ಬೇಕಿರುವ 20 ಲಕ್ಷಕ್ಕೆ ಇಪ್ಪತ್ತು ವರ್ಷದ ಲೆಕ್ಕ ಹಾಕಿ ನೋಡಿದೆ, 8.75ರ ಬಡ್ಡಿಗೆ ಕಂತು 17,674, ಅದೇ 7.5ಕ್ಕೆ 16,112. ತಿಂಗಳಿಗೆ ಒಂದೂವರೆ ಸಾವಿರ ಉಳಿದರೆ ನಮ್ಮಂಥವರಿಗೆ ಅದು ಹಾಲಿನ ಬಿಲ್ಲು. ಆದರೆ ಬಡ್ಡಿ ಇಳಿಯಿತು ಅಂತ ಬ್ರೋಕರಿಗೂ ಗೊತ್ತು, ಮಾರುವವರಿಗೂ ಗೊತ್ತು. ಉಳಿದದ್ದನ್ನು ಸೈಟಿನ ರೇಟಿನಲ್ಲಿ ಎಳೆದುಕೊಳ್ಳೋಕೆ ನೋಡುತ್ತಾರೆ.

ಇವರ ಹತ್ತಿರ ಮತ್ತೆ ಹೋಗುತ್ತೇನಾ ಅಂತ ಕೇಳಿದರೆ, ಜಾಗ ನೋಡೋಕೆ ಖಂಡಿತ ಹೋಗುತ್ತೇನೆ. ಕಾಗದ ನೋಡೋಕೆ ವಕೀಲರು ಬೇರೆ, ತೆರಿಗೆಗೆ ಆಡಿಟರ್ ಬೇರೆ. ಎರಡು ಪರ್ಸೆಂಟ್ ಕೇಳುತ್ತಾರೆ, ಒಂದಕ್ಕೆ ಬರುತ್ತಾರೆ, ಮೊದಲ ದಿನವೇ ಮಾತಾಡಿ.

ಹೋದ ವಾರ ಅವರದೇ ಫೋನು. "ಅಕ್ಕಾರೆ, ಆ ಹದಡಿ ರೋಡ್ ಸೈಟು ಕೊಡ್ತೀರಾ? ಮಾರ್ಕೆಟ್ ಯಾಕೋ ಇಳೀತಾ ಐತಿ, ಒಳ್ಳೆ ಪಾರ್ಟಿ ಬಂದಾರೆ." ನಮ್ಮ ಪುಟ ಮತ್ತೆ ಕೆಂಪು ಪೆನ್ನಿಗೆ ಹೋಯ್ತಾ ಅಂತ ಕೇಳಿದೆ. ಒಂದು ಕ್ಷಣ ಸುಮ್ಮನಾಗಿ, ಜೋರಾಗಿ ನಕ್ಕರು. ಕೊಡಲ್ಲ, ಮನೆ ಕಟ್ಟಬೇಕು ಅಂದೆ. "ಹಂಗಾದ್ರೆ ನಮ್ಮ ಕಡೆ ಒಬ್ಬ ಮೇಸ್ತ್ರಿ ಅದಾನೆ, ಕೈ ಬಹಳ ಚೆನ್ನಾಗೈತಿ, ನಂಬರ್ ಹಾಕ್ಲಾ?" ಅಂದರು. ಹಾಕಿ ಅಂದೆ.