ಹಮ್ಮಿಗಿ ಹಿನ್ನೀರಿನಲ್ಲಿ ತಳ ನೋಡಿದ್ದು: ಆಟೋನೋ, ಮ್ಯಾನುಯಲ್ಲೋ?

ಮುಂಡರಗಿ ದಾಟಿ ಹಮ್ಮಿಗಿ ಬ್ಯಾರೇಜಿಗೆ ಹೋದಾಗ ನನ್ನ ಹತ್ತಿರ ಇದ್ದದ್ದು ಕಡಲ ಬೋಟಿನವರು ಬಳಸುವಂಥ, ನೀರಿಗೆ ದನಿ ಬಿಟ್ಟು ತಳದಿಂದ ಬರುವ ಮರುದನಿಯಿಂದ ಆಳ ಅಳೆಯುವ ಸಣ್ಣ ಎಕೋ ಸೌಂಡರು, ಒಂದು ಬ್ಯಾಟರಿ, ಒಂದು ಟೇಪು. ಹರಗೋಲು, ಹಗ್ಗ, ಕಬ್ಬಿಣದ ಗುಂಡು ಮೀನು ಹಿಡಿಯುವ ಕಾಕಾನವು. ತುಂಗಭದ್ರೆಯ ಹಿನ್ನೀರಿನಲ್ಲಿ ಬಂಡೆ ಇರುವ ಜಾಗವೊಂದನ್ನು, ರಾಡಿ ಇರುವ ಜಾಗವೊಂದನ್ನು ಅವರೇ ತೋರಿಸಿದರು.

ಮೊದಲು ಯಂತ್ರವನ್ನು ಆಟೋದಲ್ಲೇ ಬಿಟ್ಟೆ, ಅಂದರೆ ಹೊಂದಿಕೆಯನ್ನೆಲ್ಲ ಅದೇ ಮಾಡಿಕೊಳ್ಳಲಿ ಎಂದು. ಬಂಡೆಯ ಮೇಲೆ ಕಾಕಾ ಗುಂಡು ಇಳಿಸಿ, "ಮೂರು ಮಾರು, ಮ್ಯಾಲೊಂದು ಮೊಳ ಐತಿ ತಮ್ಮಾ" ಅಂದರು. ಟೇಪು ಹಿಡಿದರೆ 6 ಮೀಟರ್, ಸ್ಕ್ರೀನಿನಲ್ಲಿ 5.7. ದನಿ ಬಿಟ್ಟು ಮರುದನಿ ಹಿಡಿಯುವ ಭಾಗವಾದ ಟ್ರಾನ್ಸ್‌ಡ್ಯೂಸರನ್ನು ಬಿದಿರಿಗೆ ಕಟ್ಟಿ 30 ಸೆಂ.ಮೀ. ನೀರೊಳಗೆ ಇಳಿಬಿಟ್ಟಿದ್ದೆ, ಅದು ತನ್ನ ಕೆಳಗಿನ ಆಳವನ್ನಷ್ಟೇ ಅಳೆಯುತ್ತದೆ. ಯಂತ್ರದ ಆಫ್‌ಸೆಟ್ ಎಂಬ ತಿದ್ದುಪಡಿಯಲ್ಲಿ ಆ 30 ಸೇರಿಸಿದ ಮೇಲೆ ತಾಳೆಯಾಯಿತು. ಆಳಕ್ಕೆ ಆಟೋ ಸಾಕು. ಆದರೆ ತಳ ಎಂಥದ್ದೆಂದು ಅದರಿಂದ ತಿಳಿಯಲಿಲ್ಲ. ಸ್ಕ್ರೀನಿನಲ್ಲಿ ತಳವೆಂದು ಬಂಡೆಯ ಮೇಲೂ ಕೆಂಪು ಪಟ್ಟಿ, ರಾಡಿಯ ಮೇಲೂ ಹೆಚ್ಚುಕಡಿಮೆ ಅಷ್ಟೇ ದಪ್ಪದ ಪಟ್ಟಿ. ಮರುದನಿ ಸಣ್ಣದಾದ ಕಡೆ ಯಂತ್ರ ತಾನೇ ಗೇನ್, ಅಂದರೆ ಮರುದನಿಯನ್ನು ಹಿಗ್ಗಿಸುವ ಪ್ರಮಾಣ, ಏರಿಸಿಕೊಳ್ಳುತ್ತದೆ.

ಆಮೇಲೆ ಮ್ಯಾನುಯಲ್. ನೀರಿನ ಭಾಗದಲ್ಲೆಲ್ಲ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ ಬರುವ ತನಕ ಗೇನ್ ಏರಿಸಿ, ಅಲ್ಲೊಂದು ಇಲ್ಲೊಂದು ಉಳಿಯುವಷ್ಟಕ್ಕೆ ಇಳಿಸಿ, ಮತ್ತೆ ಮುಟ್ಟಲಿಲ್ಲ. ರೇಂಜನ್ನು, ಅಂದರೆ ಸ್ಕ್ರೀನು ಎಷ್ಟು ಆಳದವರೆಗೆ ತೋರಿಸಬೇಕೆಂಬುದನ್ನು, 15 ಮೀಟರಿಗೆ ನಿಲ್ಲಿಸಿದೆ. ಈ ರೇಂಜೇ ಮುಖ್ಯ. ಗಟ್ಟಿ ತಳದ ದನಿ ನೀರಿನ ಮೇಲ್ಮೈಗೆ ಬಡಿದು, ಇನ್ನೊಮ್ಮೆ ತಳ ಮುಟ್ಟಿ ಬರುತ್ತದೆ. ಹಾಗಾಗಿ ಎರಡು ಪಟ್ಟು ಆಳದಲ್ಲಿ, ಇಲ್ಲಿ 12 ಮೀಟರ್ ಹತ್ತಿರ, ಇನ್ನೊಂದು ಗೆರೆ ಮೂಡುತ್ತದೆ. ಆಟೋ ಇದ್ದಾಗ ಸ್ಕ್ರೀನು ತಳದಿಂದ ಸ್ವಲ್ಪ ಕೆಳಕ್ಕೇ ಮುಗಿದುಹೋಗಿ ಆ ಗೆರೆ ಕಾಣಿಸಿರಲೇ ಇಲ್ಲ. ಈಗ ಬಂಡೆಯ ಮೇಲೆ ನಿಚ್ಚಳವಾಗಿ ಕಂಡಿತು, ರಾಡಿಯ ಕಡೆ ತೇಲುತ್ತ ಹೋದಂತೆ ಅಳಿಸಿಹೋಯಿತು. ಗುಂಡಿನ ಅಡಿಗೆ ಗ್ರೀಸ್ ಸವರಿ ಎರಡೂ ಕಡೆ ಬಿಟ್ಟು ನೋಡಿದೆವು: ಬಂಡೆಯಿಂದ ಗೀರು ಬಿದ್ದ ಗ್ರೀಸು, ಇತ್ತ ಕರೀ ಮೆಕ್ಕಲು. "ಬಲಿ ಹರಿಯೂದು ಆ ಕಲ್ಲಿಗೇ" ಅಂತ ಕಾಕಾ ಸ್ಕ್ರೀನಿನ ಆ ಗೆರೆಯ ಮೇಲೆ ಬೆರಳಿಟ್ಟರು.

ದನಿಯ ಫ್ರೀಕ್ವೆನ್ಸಿಯಲ್ಲಿ (ಕಂಪನಾಂಕ) 200, 83 ಕಿಲೋಹರ್ಟ್ಸ್ ಎರಡನ್ನೂ ನೋಡಿ, ನನಗೆ 200 ಕಿಲೋಹರ್ಟ್ಸೇ ಒಗ್ಗಿತು. ನನ್ನ ಟ್ರಾನ್ಸ್‌ಡ್ಯೂಸರಿನಲ್ಲಿ ಅದರ ದನಿ ಹರಡುವ ಕೋನ 20 ಡಿಗ್ರಿ, 6 ಮೀಟರ್ ಆಳದಲ್ಲಿ ಸುಮಾರು 2 ಮೀಟರ್ ಅಗಲದ ತಳ. 83ರದ್ದು 60 ಡಿಗ್ರಿ, ಸುಮಾರು 7 ಮೀಟರ್ ಅಗಲ. ಇಳಿಜಾರಿನಲ್ಲಿ ಹತ್ತಿರದ ಏರಿನ ದನಿಯೇ ಮೊದಲು ಬರುವುದರಿಂದ 83 ಆಳವನ್ನು ಕಡಿಮೆ ತೋರಿಸಿತು. ನೂರಾರು ಮೀಟರ್ ಆಳದ ಕಡಲಿಗೆ ಮಾತ್ರ 50ರಂಥ ಕೆಳಗಿನ ಫ್ರೀಕ್ವೆನ್ಸಿಯೇ ಬೇಕು. ಮೇಲಿನದನ್ನು ನೀರು ಬೇಗ ಹೀರಿಕೊಳ್ಳುತ್ತದೆ.